ಡ್ರೋನಿಗೆ ಕಂಡ ಭಾರತ

ಆಗಸ್ಟ್ ಹುಟ್ಟಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಶಾಲೆಗಳಲ್ಲಿ ಸ್ಟೋರ್ ರೂಮಿನ ಬೀಗ ತೆರೆಯುತ್ತದೆ. ವರ್ಷವಿಡೀ ಇಲಿಗಳ ಸುಪರ್ದಿಯಲ್ಲಿದ್ದ ಬ್ಯಾಂಡ್ ಸೆಟ್ ಬಿಸಿಲು ಕಾಣುತ್ತದೆ. ಹೆಡ್‌ಮೇಷ್ಟ್ರು ಪಿ.ಟಿ. ಮೇಷ್ಟ್ರನ್ನು ಕರೆದು, "ಈ ಸಲ ಏನಾದ್ರೂ ಗ್ರ್ಯಾಂಡಾಗಿ ಆಗ್ಬೇಕು ಕಣ್ರೀ" ಎನ್ನುತ್ತಾರೆ.

ಗ್ರ್ಯಾಂಡ್ ಎಂದರೆ ಭಾರತದ ನಕ್ಷೆ. ಇನ್ನೂರು ಮಕ್ಕಳು ಬ್ಯಾಂಡಿನ ತಾಳಕ್ಕೆ ನಡೆಯುತ್ತ ನಡೆಯುತ್ತ ದೇಶವಾಗಬೇಕು. ಮೇಷ್ಟ್ರ ಕೈಯಲ್ಲಿರುವುದು ಹದಿನಾಲ್ಕು ದಿನ. ಅದರಲ್ಲಿ ಎರಡು ಭಾನುವಾರ, ಮಿಕ್ಕಿದ್ದು ಮಳೆಯ ಪಾಲು. 2004ರಲ್ಲಿ ಘೋಷಣೆಯಾದ ನಾಡಗೀತೆಯನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂದು ಇತ್ಯರ್ಥ ಮಾಡಲು ನಮ್ಮ ಸರ್ಕಾರಗಳಿಗೆ 2022 ಬರಬೇಕಾಯಿತು. ಎರಡೂವರೆ ನಿಮಿಷಕ್ಕೆ ಹದಿನೆಂಟು ವರ್ಷ! ಆ ಲೆಕ್ಕದಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಪವಾಡ ಪುರುಷರು.

ಪವಾಡಕ್ಕೂ ಭೌತಶಾಸ್ತ್ರದ ಕಾಟ ತಪ್ಪಿದ್ದಲ್ಲ. ಶಬ್ದ ಓಡುವುದು ಸೆಕೆಂಡಿಗೆ ಸುಮಾರು 340 ಮೀಟರ್. ನಿಮಿಷಕ್ಕೆ 120 ಹೆಜ್ಜೆ ಹಾಕುವಾಗ ಒಂದೊಂದು ಹೆಜ್ಜೆಗೆ ಸಿಗುವುದು ಅರ್ಧ ಸೆಕೆಂಡು. ಕಾಶ್ಮೀರದಲ್ಲಿ ಬಾರಿಸಿದ ಡ್ರಮ್ಮು 85 ಮೀಟರ್ ಆಚೆಯ ಕನ್ಯಾಕುಮಾರಿಗೆ ಕೇಳಿಸುವಷ್ಟರಲ್ಲಿ ಅರ್ಧ ಹೆಜ್ಜೆ ಮುಗಿದಿರುತ್ತದೆ. ಡ್ರಮ್ಮನ್ನು ಮಧ್ಯಕ್ಕೆ ತಂದರೆ ತಂಟೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಅಧಿಕಾರ ಉತ್ತರದಲ್ಲೇ ಇರಬೇಕು, ದಕ್ಷಿಣ ತಡವಾಗಿ ಕೇಳಿಸಿಕೊಳ್ಳಬೇಕು ಎಂಬುದು ನಮ್ಮ ಹಳೆಯ ರೂಢಿ.

ಇಷ್ಟಕ್ಕೂ ನಕ್ಷೆ ಕಾಣುವುದು ಯಾರಿಗೆ? ಮೈಸೂರು ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಜನ ಮೆಟ್ಟಿಲು ಮೆಟ್ಟಿಲಾಗಿ ಎತ್ತರದಲ್ಲಿ ಕೂತಿರುತ್ತಾರೆ. ಕತ್ತಲಲ್ಲಿ ಬೆಂಕಿ ಬರೆದ ಅಕ್ಷರ ಕಣ್ಣಿಗೆ ಬೀಳುತ್ತದೆ. ತಾಲ್ಲೂಕು ಮೈದಾನದ ವೇದಿಕೆಗೆ ಮೂರಡಿ ಎತ್ತರ, ಜನರಿಗೆ ಅದೂ ಇಲ್ಲ. ನನ್ನ ಪಕ್ಕದಲ್ಲಿದ್ದ ತಾತ ಹುಬ್ಬಿಗೆ ಕೈಯಡ್ಡ ಇಟ್ಟು ನೋಡಿ, "ಜೇನೆದ್ದವಾ ಮಗ? ಐಕ್ಳು ಯಾಕಿಂಗೆ ಚದುರೋದ್ವು?" ಎಂದ. ಅದು ಈಶಾನ್ಯ ರಾಜ್ಯಗಳ ರಚನೆ ಎಂದು ನಾನು ಹೇಳಲಿಲ್ಲ.

ಇದೇ ತಾತನ ಊರಹಬ್ಬದಲ್ಲಿ ಪೂಜೆ ಕುಣಿತ ನೋಡಬೇಕು. ಬಿದಿರ ಚೌಕಟ್ಟಿಗೆ ಬಣ್ಣದ ಸೀರೆ ಸುತ್ತಿ, ದೇವಿಯ ಮುಖ ಕೂರಿಸಿದ ಪೂಜೆಯನ್ನು ನೆತ್ತಿಯ ಮೇಲೆ ಹೊತ್ತು, ಕೈಬಿಟ್ಟು ಕುಣಿಯುತ್ತಾರೆ. ಸೌದೆಯುರಿಗೆ ಕಾಯಿಸಿದ ತಮಟೆ ಪಕ್ಕದಲ್ಲೇ ಇರುತ್ತದೆ. ಗತ್ತು ಬದಲಾದರೆ ಹೆಜ್ಜೆ ಬದಲಾಗುತ್ತದೆ; ವಿಸಿಲ್ ಊದುವವರು, ಕಿವಿ ಹಿಂಡುವವರು ಇಲ್ಲ. ಮೊದಲು ಕಾಲಿಗೆ ತಾಳ, ಆಮೇಲೆ ತಲೆಗೆ ಭಾರ. ಜಗಲಿಯಲ್ಲಿ ಕೂತ ಅಜ್ಜಿಗೂ ಕಾಣುತ್ತದೆ, ಅಪ್ಪನ ಹೆಗಲೇರಿದ ಕೂಸಿಗೂ ಕಾಣುತ್ತದೆ. ಆದರೆ ಇಷ್ಟು ಸುಲಭವಾಗಿ ಕಲಿಯಬಹುದಾದದ್ದು, ಇಷ್ಟು ಚೆನ್ನಾಗಿ ಕಾಣುವುದು ಗ್ರ್ಯಾಂಡ್ ಹೇಗಾದೀತು?

ಇದೇ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಸ್ವಾತಂತ್ರ್ಯ ಹೋರಾಟದ ಬಾವುಟ ಹಾರಿಸಿದವರಿಗೂ ನಕ್ಷೆಯಾಗಿ ನಿಲ್ಲುವ ಪುರುಸೊತ್ತು ಸಿಗಲಿಲ್ಲ. ಪಾಪ, ಡ್ರೋನೂ ಇರಲಿಲ್ಲ.

ಈ ಸಲ ಡ್ರೋನು ಇತ್ತು. ಹಿಂದಿನ ರಾತ್ರಿಯ ಮಳೆಗೆ ಸುಣ್ಣದ ಗೆರೆಯೆಲ್ಲ ತೊಳೆದುಹೋಗಿ, ಮೇಷ್ಟ್ರು ಮುಖ್ಯ ಜಾಗಗಳಿಗೆ ಇಟ್ಟಿಗೆ ಇಟ್ಟಿದ್ದರು. ಅತಿಥಿಗಳು ಎರಡು ಗಂಟೆ ತಡವಾಗಿ ಬಂದರು. ಮೈದಾನದತ್ತ ಬೆನ್ನು ತಿರುಗಿಸಿ, ಮೊಬೈಲಿನಲ್ಲಿ ವಿಡಿಯೊ ನೋಡಿ, "ಅದ್ಭುತ, ಒಂದಿಂಚೂ ಆಚೀಚೆ ಇಲ್ಲ" ಎಂದು ಮೊದಲ ಬಹುಮಾನ ಕೊಟ್ಟರು.

ಮಧ್ಯಾಹ್ನ ಕಬ್ಬಿನ ಗದ್ದೆಯಿಂದ ನೇರ ಬಂದಿದ್ದ ತಾಯಿಯೊಬ್ಬಳು ಮೇಷ್ಟ್ರನ್ನು ಕೇಳಿದಳು: "ಇದ್ರಲ್ಲಿ ನನ್ ಮಗ ಯಾವ್ದು ಸಾ?"

ಮೇಷ್ಟ್ರು ಪರದೆ ಹಿಗ್ಗಿಸಿದರು. "ಇಗೋ ನೋಡವ್ವ, ಕನ್ಯಾಕುಮಾರಿ. ಈ ಕೊನೇ ಚುಕ್ಕಿ. ಎಷ್ಟು ಅಲ್ಲಾಡದಂಗೆ ನಿಂತವ್ನೆ!"

ಹುಡುಗ ಇಣುಕಿದ. "ಅದು ನಾನಲ್ಲ ಕಣವ್ವೋ. ಸಾರು ಗುರ್ತಿಗೆ ಮಡಗಿದ್ದ ಇಟ್ಗೆ. ನಾನಾಗ ಉಚ್ಚೆ ಉಯ್ಯಕ್ಕೋಗಿದ್ದೆ."