ನಿಘಂಟಿನ ಚುಕ್ಕೆಯ ಸಂದರ್ಶನ

ಅಮೆರಿಕದ ಇಂಗ್ಲಿಷ್ ನಿಘಂಟುಗಳಲ್ಲಿ ಪದದ ಹೊಟ್ಟೆಯೊಳಗೆ ಕೂತಿರುವ ಸಣ್ಣ ಚುಕ್ಕೆ ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ತನ್ನನ್ನು ಯಾರೂ ಉಚ್ಚಾರಣೆಯ ಅಧಿಕಾರಿ ಎನ್ನಕೂಡದು.

ಹಾಗಾದರೆ ಹುದ್ದೆ ಯಾವುದು? ಅಚ್ಚುಕೂಟದ ಚಾಕರಿ ಎಂದಿತು ಚುಕ್ಕೆ. ಸಾಲಿನ ತುದಿಯಲ್ಲಿ ಜಾಗ ಸಾಲದಾದಾಗ ಪದವನ್ನು ಎಲ್ಲಿ ಮುರಿದು ಅಡ್ಡಗೆರೆ ಹಾಕಬಹುದೆಂದು ತೋರಿಸುವುದಷ್ಟೇ ಅದರ ಕೆಲಸ. ಸಿಲಬಲ್‌ಗಳ, ಅಂದರೆ ಉಚ್ಚಾರದ ತುಂಡುಗಳ, ಲೆಕ್ಕವಿರುವುದು ಪಕ್ಕದ ಉಚ್ಚಾರಣೆಯ ಬರಹದಲ್ಲಿ. ಅದನ್ನು ಓದುವ ವ್ಯವಧಾನವಿಲ್ಲದ ಮೇಷ್ಟ್ರುಗಳು ಚುಕ್ಕೆ ನೋಡಿಯೇ ಮಕ್ಕಳಿಂದ ಸಿಲಬಲ್‌ಗೊಂದು ಚಪ್ಪಾಳೆ ತಟ್ಟಿಸುತ್ತಾರೆ. ಸಾಕ್ಷಿಗೆ ‘ಐಡಿಯಾ’ ಬಂತು: ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ, ಮೂರು ಸಿಲಬಲ್, ಚುಕ್ಕೆ ಮಾತ್ರ ಒಂದೂ ಇಲ್ಲ. ಮೊದಲ ಅಕ್ಷರವನ್ನಾಗಲಿ ಕೊನೆಯದನ್ನಾಗಲಿ ಒಂಟಿಯಾಗಿ ಬಿಡಬಾರದೆಂಬುದು ಮುದ್ರಕರ ಕಟ್ಟಳೆ. ‘ಸ್ಟ್ರೆಂಗ್ತ್ಸ್’ನಲ್ಲಿ ಒಂಬತ್ತು ಅಕ್ಷರಗಳಿದ್ದರೂ ಸಿಲಬಲ್ ಒಂದೇ, ಅಲ್ಲಿ ಕಾಲಿಡಲೂ ತನಗೆ ಜಾಗವಿಲ್ಲವೆಂದು ಅದು ಗೊಣಗಿತು.

ವಂಶಾವಳಿ ಕೇಳಿದ್ದೇ ತಡ, ಉತ್ತರ ಉದ್ದವಾಯಿತು. ಹಳೆಯ ಸ್ಪೆಲಿಂಗ್ ಪುಸ್ತಕಗಳು ‘ಹ್ಯಾ-ಬಿಟ್’, ‘ಕ್ಲ-ಸ್ಟರ್’ ಎಂದು ಒಡೆಯುತ್ತಿದ್ದವು. ನಡುವಿನ ವ್ಯಂಜನ ಮುಂದಿನ ಸ್ವರದ ಪಾಲು. ಹೀಗೆ ಒಡೆದರೆ ಮಗು ಮೊದಲ ತುಂಡನ್ನು ಎಳೆದು ‘ಹೇ’ ಎಂದೀತು. ಅಮೆರಿಕದ ನಿಘಂಟುಕಾರ ನೋಆ ವೆಬ್‌ಸ್ಟರ್ 1783ರ ತಮ್ಮ ಪುಸ್ತಕದಲ್ಲಿ ಬಾಯಿ ಆಡುವಂತೆಯೇ ‘ಹ್ಯಾಬ್-ಇಟ್’, ‘ಕ್ಲಸ್-ಟರ್’ ಎಂದು ತಿದ್ದಿದರು. ಕನ್ನಡ ಲಿಪಿಯಂತೂ ಇಂದಿಗೂ ಹಳೆಯ ಪಕ್ಷದ್ದೇ: ‘ಬಿ’ಯಿಂದ ಇಕಾರವನ್ನು ಬಿಡಿಸಲು ಅದು ಜಪ್ಪಯ್ಯ ಎಂದರೂ ಒಪ್ಪದು.

ಬ್ರಿಟನ್ನಿನ ದಾಯಾದಿಗಳ ಮಾತೆತ್ತಿದಾಗ ಚುಕ್ಕೆಯ ದನಿ ಏರಿತು. ಅಮೆರಿಕನ್ನರು ಕಿವಿಯನ್ನು ನಂಬಿದರೆ, ಬ್ರಿಟಿಷರು ಪದದ ಮೂಲವನ್ನು ಹಿಡಿದು ಒಡೆಯುವ ಅಭ್ಯಾಸದವರು. ‘ನಾಲೆಜ್’ನಲ್ಲಿ ಅಮೆರಿಕನ್ನರು ‘ಎಲ್’ ಅಕ್ಷರವನ್ನು ಮೊದಲ ತುಂಡಿಗೆ ಸೇರಿಸುತ್ತಾರೆ. ‘ನೋ’ ಎಂಬ ಮೂಲಪದ ಕೆಡದಿರಲೆಂದು ಬ್ರಿಟಿಷರು ಅದನ್ನು ಎರಡನೆಯ ತುಂಡಿಗೆ ಬಿಡುತ್ತಾರೆ. ಒಂದು ‘ಎಲ್’ಗಾಗಿ ಅಟ್ಲಾಂಟಿಕ್ ಸಾಗರದ ಅಗಲದ ಗಡಿ ತಂಟೆ!

ಕಂಪ್ಯೂಟರ್ ಬಂದ ಮೇಲೆ ನೌಕರಿ ಹೋಯಿತೇ? ಅರ್ಧ ಹೋಯಿತಂತೆ. ಸ್ಟ್ಯಾನ್‌ಫರ್ಡ್‌ನಲ್ಲಿ ಫ್ರಾಂಕ್ ಲಿಯಾಂಗ್ 1983ರ ತಮ್ಮ ಪ್ರಬಂಧದಲ್ಲಿ ಅಕ್ಷರಗಳ ಜೋಡಣೆ ನೋಡಿಯೇ ಪದ ಒಡೆಯುವ ವಿಧಾನ ಕೊಟ್ಟರು. ಡೊನಾಲ್ಡ್ ಕನೂತ್ ಅವರ ಅಚ್ಚುಜೋಡಣೆಯ ತಂತ್ರಾಂಶ ಟೆಕ್ ಅದನ್ನೇ ಬಳಸುತ್ತದೆ. ಆದರೆ ‘ಪ್ರೆಸೆಂಟ್’ ನಾಮಪದವಾದರೆ ‘ಎಸ್’ ಆದ ಮೇಲೆ ಒಡೆಯಬೇಕು, ಕ್ರಿಯಾಪದವಾದರೆ ಅದಕ್ಕೂ ಮೊದಲೇ. ಯಾವುದು ಯಾವುದೆಂದು ಯಂತ್ರಕ್ಕೆ ತಿಳಿಯದು. ಆದ್ದರಿಂದ ಟೆಕ್ ಆ ಪದವನ್ನು ಅಪವಾದಗಳ ಪಟ್ಟಿಗೆ ಸೇರಿಸಿ, ಮುರಿಯದೆ ಇಡಿಯಾಗಿ ಬಿಡುತ್ತದೆ.