ಉದ್ರಿ ಖುರ್ಚಿ

ಬ್ರಹ್ಮಪುರದ ಚಹಾದಂಗಡಿಯೊಂದರಲ್ಲಿ ಗಲ್ಲಾದ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ತೂಗುತ್ತದೆ. ಅದರ ಕೆಳಗೇ ಉದ್ರಿ ವಹಿ, ಭಜಿ ತಿಂದ ಕೈಯ ಎಣ್ಣೆ ಮೆತ್ತಿ ಮೂಲೆ ಮುದುಡಿದ್ದು. ಬೋರ್ಡು ನಂಬುವವ ಪರಊರಿನವ. ವಹಿ ಕಂಡವ ಊರವ.

ನೆಲೋಗಿಯ ಧರಂಸಿಂಗ್ ಸಾಹೇಬರು ಅಪ್ಪಟ ಊರವರು. 2004ರಲ್ಲಿ ಅವರ ಕಾಂಗ್ರೆಸ್ಸಿನ ಕೈಯಲ್ಲಿದ್ದ ನಗದು 65. ಬಹುಮತಕ್ಕೆ ಬೇಕಾದದ್ದು 113. ಬಿಜೆಪಿ 79 ಇಟ್ಟುಕೊಂಡು ಹೊರಗೆ ಕೂತಿತ್ತು. ಜೆಡಿಎಸ್‌ನ 58 ಉದ್ರಿ ಬರೆಸಿ, ಮೇ 28ರಂದು ಸಾಹೇಬರು ಮುಖ್ಯಮಂತ್ರಿಯಾದರು. ಅಜಾತಶತ್ರು ಎಂದು ಎಲ್ಲರೂ ಹೊಗಳುತ್ತಿದ್ದರು. ಶತ್ರುವಿಲ್ಲದವನಿಗೂ ಸಾಲ ಕೊಟ್ಟವನಿರುತ್ತಾನೆ. ಕೊಟ್ಟವನಿಗೆ ಮಗನೂ ಇರುತ್ತಾನೆ.

2006ರ ಜನವರಿ. ಜೆಡಿಎಸ್‌ನ ದೇವೇಗೌಡರು ಬೇಡ ಬೇಡ ಎನ್ನುತ್ತಿರುವಂತೆಯೇ ಮಗ ಕುಮಾರಸ್ವಾಮಿ ಶಾಸಕರನ್ನು ಕಟ್ಟಿಕೊಂಡು ಬಿಜೆಪಿಯ ಅಂಗಡಿಗೆ ಖಾತೆ ಬದಲಿಸಿದರು. 27ರೊಳಗೆ ಬಹುಮತ ತೋರಿಸಿ ಎಂದರು ರಾಜ್ಯಪಾಲ ಟಿ.ಎನ್. ಚತುರ್ವೇದಿ. ಅಂಥ ದಿನಗಳಲ್ಲಿ ಮುಖ್ಯಮಂತ್ರಿಯ ಸಹಿ ನಡೆಯುತ್ತದೆ, ಮಾತು ನಡೆಯುವುದಿಲ್ಲ. ಸೆಲ್ಯೂಟು ಕಾರಿಗೆ ಬೀಳುತ್ತದೆ, ಒಳಗೆ ಕೂತವರಿಗಲ್ಲ. ಫೈಲು ಹಿಡಿದು ಬಂದ ಅಧಿಕಾರಿ ಮಾತ್ರ ವಿನಯದಿಂದ ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಾನೆ.

“ತಲಿ ಎಣಸ್ಯಾರೇನ್ರಿ ಕಾಕಾ?” ಎಂದರೆ ಚಹಾದಂಗಡಿಯ ಕಾಕಾ ಕಪ್ಪು ತೊಳೆಯುತ್ತಲೇ, “ಎಣಸ್ಲಾಕ ತಲಿ ಊರಾಗ ಇರ್ಬೇಕಲ್ಲೋ ತಮ್ಮಾ” ಎನ್ನುತ್ತಿದ್ದ. ತಲೆಗಳೆಲ್ಲ ರೆಸಾರ್ಟಿನಲ್ಲಿದ್ದವು.

ಬಹುಮತವನ್ನು ಸದನದಲ್ಲೇ ಎಣಿಸಬೇಕು, ರಾಜಭವನದ ಸೋಫಾದ ಮೇಲಲ್ಲ ಎಂದು ಸುಪ್ರೀಂ ಕೋರ್ಟು 1994ರಲ್ಲಿ ಹೇಳಿದ್ದು ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ. ಎಣಿಸುವ ಜಾಗವನ್ನೇನೋ ಕೋರ್ಟು ತೋರಿಸಿತು. ರೆಸಾರ್ಟಿನ ಬಿಲ್ಲು ಯಾರು ಕಟ್ಟಬೇಕೆಂಬುದು ಪಾಪ ಅದರ ಮುಂದೆ ಬಂದಿರಲಿಲ್ಲ.

ಬಹುಮತ ಸಾಬೀತಾಗಲಿಲ್ಲ. 20 ತಿಂಗಳಿಗೆ ಖುರ್ಚಿ ತೆರವಾಯಿತು. ಫೆಬ್ರವರಿ 3ರಂದು ಕುಮಾರಸ್ವಾಮಿ ಕೂತರು, ಬಿಜೆಪಿಯ ಜೊತೆ ತಲಾ 20 ತಿಂಗಳ ಕರಾರು ಮಾಡಿಕೊಂಡು. 2007ರ ಅಕ್ಟೋಬರಿನಲ್ಲಿ ಬಿಜೆಪಿ ವಸೂಲಿಗೆ ಬಂದರೆ ‘ಇಂದು ನಗದು’ ಬೋರ್ಡು ತೋರಿಸಿದರು. ನವೆಂಬರಿನಲ್ಲಿ ಯಡಿಯೂರಪ್ಪನವರಿಗೆ ಸಿಕ್ಕದ್ದು ಏಳು ದಿನದ ಖುರ್ಚಿ. ಮುಂದೆ ಮತ್ತೆ ಖುರ್ಚಿ ಹತ್ತಿದ್ದ ಕುಮಾರಸ್ವಾಮಿಯವರೂ 2019ರ ಜುಲೈ 23ರಂದು ಸದನದ ಎಣಿಕೆಯಲ್ಲಿ 99ಕ್ಕೆ 105ರಿಂದ ಇಳಿದರು. ವಹಿಯಲ್ಲಿ ಬಡ್ಡಿಯನ್ನೂ ಬರೆದಿಡುತ್ತಾರೆ.

ಸಾಹೇಬರು 2008ರಲ್ಲಿ, ತಮ್ಮನ್ನು ಮತ್ತೆ ಮತ್ತೆ ಗೆಲ್ಲಿಸಿದ್ದ ಜೇವರ್ಗಿಗೇ ಬಂದು ನಗದು ಮತ ಕೇಳಿದರು. 70 ಕಡಿಮೆ ಬಿದ್ದವು.