ಕೈಯಲ್ಲಿ ಕುಚ್ಚು, ಕಣ್ಣಲ್ಲಿ ಕನಸು

ಅಮೆರಿಕದ ಹೈಸ್ಕೂಲು ಸಿನಿಮಾಗಳಲ್ಲಿ ಚಿಯರ್‌ಲೀಡರ್ ಎಂದರೆ ನಾಯಕನಾದವನು ಮೊದಲ ರೀಲಿನಲ್ಲೇ ಮನಸೋಲಬೇಕಾದ ಹುಡುಗಿ. ಎತ್ತಿ ಕಟ್ಟಿದ ಜುಟ್ಟು, ಎರಡೂ ಕೈಯಲ್ಲಿ ಬಣ್ಣದ ಕುಚ್ಚು, ಪಕ್ಕದಲ್ಲಿ ಫುಟ್‌ಬಾಲ್ ತಂಡದ ದಢೂತಿ ಗೆಳೆಯ. ನಾಯಕನದು ಕನ್ನಡಕ, ಒಳ್ಳೆಯ ಅಂಕ. ಅವನ ಹೆಸರು ಅವಳಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಚರಿತ್ರೆಯಲ್ಲಿ ಈ ಹುಡುಗಿ ತಡವಾಗಿ ಬಂದವಳು. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಪಂದ್ಯದಲ್ಲಿ ಮುಂದೆ ನಿಂತು ಜನರಿಂದ ಜೈಕಾರ ಹಾಕಿಸಿದವನು ಜಾನಿ ಕ್ಯಾಂಬೆಲ್ ಎಂಬ ವಿದ್ಯಾರ್ಥಿ. ಹುಡುಗಿಯರಿಗೆ ಜಾಗ ಸಿಕ್ಕಿದ್ದು 1920ರ ದಶಕದಲ್ಲಿ. ಹುಡುಗರೆಲ್ಲ ಎರಡನೆಯ ಮಹಾಯುದ್ಧಕ್ಕೆ ಹೊರಟ ಮೇಲೆ ಅಂಗಳ ಬಹುಮಟ್ಟಿಗೆ ಹುಡುಗಿಯರದೇ ಆಯಿತು. ಅಧ್ಯಕ್ಷರಾದ ಐಸೆನ್‌ಹೋವರ್, ರೇಗನ್, ಕಿರಿಯ ಬುಷ್ ಮೂವರೂ ಓದುವ ಕಾಲದಲ್ಲಿ ಚಿಯರ್‌ಲೀಡರುಗಳೇ. ಅವರನ್ನು ನೆನೆದು ನಿದ್ದೆಗೆಟ್ಟ ನಾಯಕಿಯರನ್ನು ಹಾಲಿವುಡ್ ಇನ್ನೂ ಸೃಷ್ಟಿಸಿದಂತಿಲ್ಲ.

1987ರ ‘ಕಾಂಟ್ ಬೈ ಮಿ ಲವ್’ ಚಿತ್ರದಲ್ಲಿ ಪ್ರೇಮ ನೇರವಾಗಿ ಗುತ್ತಿಗೆಗೇ ಇಳಿಯುತ್ತದೆ. ಮನೆಮನೆಯ ಹುಲ್ಲು ಕತ್ತರಿಸಿ, ದೂರದರ್ಶಕ ಕೊಳ್ಳಲು ಕೂಡಿಟ್ಟ 1000 ಡಾಲರನ್ನು ರೊನಾಲ್ಡ್ ಎಂಬ ಹುಡುಗ ಚಿಯರ್‌ಲೀಡರ್ ಸಿಂಡಿಗೆ ಕೊಡುತ್ತಾನೆ. ಒಂದು ತಿಂಗಳು ಅವಳು ಅವನ ಗೆಳತಿಯಂತೆ ನಟಿಸಬೇಕು. ಅಮ್ಮನ ದುಬಾರಿ ಉಡುಪು ಹಾಳುಮಾಡಿಕೊಂಡ ಅವಳಿಗೂ ದುಡ್ಡಿನ ತುರ್ತು. ರೊನಾಲ್ಡ್‌ಗೆ ಬೇಕಾದದ್ದು ಸಿಂಡಿಯೇನಲ್ಲ, ಅವಳ ಜೊತೆ ನಡೆಯುವವನ ಮೇಲೆ ಬೀಳುವ ಶಾಲೆಯ ಕಣ್ಣು. ಅವಳು ಗುಟ್ಟಾಗಿ ಕವಿತೆ ಬರೆಯುತ್ತಾಳೆಂಬುದು ಅವನಿಗೆ ತಿಳಿಯುವುದು ಆಮೇಲೆ, ತಿಳಿದು ಪ್ರಯೋಜನವಾಗುವುದು ಇನ್ನೂ ಆಮೇಲೆ. ಬೇರೆಯವರ ಗೆಲುವಿಗೆ ಗಂಟಲು ಹರಿದುಕೊಳ್ಳುವುದೇ ಅವಳ ಕಸುಬಾದ್ದರಿಂದ, ಚೆಂಡನ್ನೇ ಮುಟ್ಟದವನಿಗೂ ಅವಳು ತನ್ನ ಹೆಸರು ಕೂಗಲಿ ಎಂಬಾಸೆ ಹುಟ್ಟುವುದು ಸಹಜ. ಅದನ್ನು ಪ್ರೇಮವೆನ್ನುವುದು ಸಿನಿಮಾದವರ ಔದಾರ್ಯ.

ಕಿರುತೆರೆ ಅವಳಿಗೆ ಬೇರೆ ಕೆಲಸ ಹಚ್ಚಿತು. ಒಂದು ಸರಣಿಯಲ್ಲಿ, ಮೊದಲು ಚಿಯರ್‌ಲೀಡರ್ ಆಗಿದ್ದ ಬಫಿ ಎಂಬ ನಾಯಕಿ ರಕ್ತಪಿಶಾಚಿಗಳನ್ನು ಕೊಲ್ಲುತ್ತಾಳೆ. 2006ರ ‘ಹೀರೋಸ್’ನಲ್ಲಿ ಲೋಕ ಉಳಿಯಬೇಕಾದರೆ ಮೊದಲು ಚಿಯರ್‌ಲೀಡರ್ ಉಳಿಯಬೇಕು. 2000ದ ‘ಬ್ರಿಂಗ್ ಇಟ್ ಆನ್’ ಸಿನಿಮಾದಲ್ಲಂತೂ ಹುಡುಗಿಯರೇ ಸ್ಪರ್ಧಿಗಳು, ಜಗಳ ಕದ್ದ ಕುಣಿತದ್ದು; ಪ್ರೇಮಕ್ಕೆ ಒಂದು ಮೂಲೆ ಸಾಕಾಗಿದೆ.

ಈ ಕನಸು ಬೆಂಗಳೂರಿಗೂ ವಿಮಾನದಲ್ಲಿ ಬಂದಿಳಿಯಿತು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊದಲ ಐಪಿಎಲ್ ಪಂದ್ಯಕ್ಕೆ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡದ ಚಿಯರ್‌ಲೀಡರುಗಳನ್ನು ಕರೆಸಲಾಗಿತ್ತು. ಕೋಲ್ಕತ್ತದ ಮೆಕಲಮ್ ಒಬ್ಬನೇ ಔಟಾಗದೆ 158 ಹೊಡೆದ. ಬೆಂಗಳೂರು ತಂಡ 82ಕ್ಕೆ ಮುಗಿಯಿತು. ಅಷ್ಟು ದೂರದಿಂದ ಬಂದವರಿಗೆ ಆತಿಥೇಯರ ಪರ ಕುಣಿಯಲು ಹೆಚ್ಚೇನೂ ಕೆಲಸವಿರಲಿಲ್ಲ.